ಹನ್ನೆರಡು ಫ್ಯಾನು, ಮೂರು ಬೇಸಿಗೆ: ಬಿಎಲ್‌ಡಿಸಿ ಫ್ಯಾನ್ ಕೊಂಡವನ ಲೆಕ್ಕಪತ್ರ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ನಾನೊಂದು ಸಣ್ಣ ವಾಚನಾಲಯ ನಡೆಸುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ರಾತ್ರಿ ಒಂಬತ್ತರವರೆಗೆ ಓದು ನಡೆಯುತ್ತದೆ. ಕೆಎಎಸ್, ಪಿಎಸ್‌ಐ, ಶಿಕ್ಷಕರ ನೇಮಕಾತಿ ಎಂದು ಸುತ್ತಲಿನ ತಾಲ್ಲೂಕುಗಳಿಂದ ಬಂದು ಕೋಣೆ ಮಾಡಿಕೊಂಡಿರುವ ಮಕ್ಕಳಿಗೆ ಅವರ ಕೋಣೆಯಲ್ಲಿಲ್ಲದ ಎರಡು ವಸ್ತುಗಳು ಇಲ್ಲಿ ಸಿಗಬೇಕು: ಒಂದು ನಿಶ್ಶಬ್ದ, ಇನ್ನೊಂದು ಗಾಳಿ. ಏಪ್ರಿಲ್ ಬಂತೆಂದರೆ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿಯ ಮೇಲೆಯೇ ಇರುತ್ತದೆ, ತಾರಸಿಯ ಕೆಳಗಿನ ಸಭಾಂಗಣ ರಾತ್ರಿ ಎಂಟಕ್ಕೂ ತಣ್ಣಗಾಗುವುದಿಲ್ಲ. ಎಸಿ ಹಾಕಿಸುವ ಶಕ್ತಿ ನನಗಿಲ್ಲ, ತಿಂಗಳಿಗೆ ಆರುನೂರು ರೂಪಾಯಿ ಶುಲ್ಕ ಕೊಡುವ ಮಕ್ಕಳಿಂದ ಅದನ್ನು ವಸೂಲು ಮಾಡುವ ಮನಸ್ಸೂ ಇಲ್ಲ. ಹಾಗಾಗಿ ನನ್ನ ವ್ಯವಹಾರವೆಲ್ಲ ನಿಂತಿರುವುದು ಸೀಲಿಂಗ್ ಫ್ಯಾನ್‌ಗಳ ಮೇಲೆ.

2023ರ ಫೆಬ್ರುವರಿಯಲ್ಲಿ ಸಭಾಂಗಣದ ಹನ್ನೆರಡೂ ಹಳೆಯ ಫ್ಯಾನ್‌ಗಳನ್ನು ಇಳಿಸಿ, ಕಡಿಮೆ ಕರೆಂಟಿನಲ್ಲಿ ಓಡುವ ಬಿಎಲ್‌ಡಿಸಿ (ಬ್ರಷ್‌ಲೆಸ್ ಡಿಸಿ) ಮೋಟಾರಿನ ಫ್ಯಾನ್‌ಗಳನ್ನು ಏರಿಸಿದೆ. ಮೂರು ಬೇಸಿಗೆ ಕಳೆದು ಇಪ್ಪತ್ತೆಂಟು ತಿಂಗಳಾಗಿವೆ. ಅಂಗಡಿಯ ಜಾಹೀರಾತು ಹೇಳಿದ್ದರಲ್ಲಿ ಎಷ್ಟು ನಿಜ, ಹಾಕಿದ ಹಣ ಮರಳಿ ಬಂತೇ, ಎಲ್ಲಿ ತೊಂದರೆಯಾಯಿತು ಎಂಬುದನ್ನು ಕೊಳ್ಳುವ ಯೋಚನೆಯಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ. ನಾನು ಕೊಂಡ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದು ಒಂದು ಬ್ರ್ಯಾಂಡಿನ ವಿಮರ್ಶೆಯಾಗುವುದಕ್ಕಿಂತ ಈ ಬಗೆಯ ಫ್ಯಾನಿನ ವಿಮರ್ಶೆಯಾದರೆ ಹೆಚ್ಚು ಜನರಿಗೆ ಉಪಯೋಗವಾದೀತು.

ಮೊದಲು ಅಳತೆಯ ಮಾತು. ಹಳೆಯ ಫ್ಯಾನ್‌ಗಳನ್ನು ಇಳಿಸುವ ಮುನ್ನ ನಮ್ಮ ಎಲೆಕ್ಟ್ರಿಷಿಯನ್ನರಿಂದ ಒಂದು ಸಣ್ಣ ವ್ಯವಸ್ಥೆ ಮಾಡಿಸಿಕೊಂಡೆ. ಫ್ಯಾನಿನ ವೈರಿಗೆ ಪ್ಲಗ್ ಕಟ್ಟಿ, ಸಾಕೆಟ್ಟಿನಲ್ಲಿ ಕೂರಿಸುವ ವಾಟ್ ಮೀಟರಿನ ಮೂಲಕ ಓಡಿಸಿ ನೋಡಿದೆವು. ಹಳೆಯ ಫ್ಯಾನ್‌ಗಳು ಪೂರ್ಣ ವೇಗದಲ್ಲಿ 74ರಿಂದ 82 ವಾಟ್ ತೆಗೆದುಕೊಳ್ಳುತ್ತಿದ್ದವು. ಅವುಗಳಲ್ಲಿ 82 ತೋರಿಸಿದವು ಎರಡು, ಎರಡೂ ಒಮ್ಮೆ ಸುಟ್ಟು ಮತ್ತೆ ವೈಂಡಿಂಗ್ ಮಾಡಿಸಿಕೊಂಡು ಬಂದವು. ಹನ್ನೆರಡರ ಸರಾಸರಿ 77 ವಾಟ್. ಹೊಸದು ಪೂರ್ಣ ವೇಗದಲ್ಲಿ 32 ವಾಟ್, ಮೂರನೆಯ ವೇಗದಲ್ಲಿ 15 ವಾಟ್. ಅದೇ ಮೂರಕ್ಕೆ ಹಳೆಯ ಫ್ಯಾನನ್ನು ಇಳಿಸಿದಾಗಲೂ ಮೀಟರು 48ಕ್ಕಿಂತ ಕೆಳಗೆ ಬಂದಿರಲಿಲ್ಲ. ಫ್ಯಾನನ್ನು ನಿಧಾನ ಮಾಡಿದರೆ ಕರೆಂಟು ಅಷ್ಟಕ್ಕಷ್ಟೇ ಉಳಿಯುತ್ತದೆ ಎಂದುಕೊಂಡಿದ್ದ ನನಗೆ ಇದು ಹೊಸ ತಿಳಿವಳಿಕೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆಂಬುದು ಅಂದು ಏಣಿಯ ಮೇಲೆಯೇ ಗೊತ್ತಾಯಿತು. ಆರು ಗಂಟೆ ಓಡಿದ ಹಳೆಯ ಫ್ಯಾನನ್ನು ನಿಲ್ಲಿಸಿ ಅದರ ಹೊಟ್ಟೆಯ ಭಾಗಕ್ಕೆ ಕೈ ಇಟ್ಟರೆ ಬಿಸಿ ಚಹಾದ ಲೋಟ ಹಿಡಿದಂತೆ ಕೈ ಹಿಂದಕ್ಕೆ ಬಂತು. ಒಂದು ವಾರದ ಬಳಿಕ, ಅಷ್ಟೇ ಹೊತ್ತು ಓಡಿದ ಹೊಸ ಫ್ಯಾನಿಗೆ ಹಾಗೆಯೇ ಕೈ ಇಟ್ಟೆ, ಉಗುರುಬೆಚ್ಚಗೆ ಇತ್ತು. ಹಳೆಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ತನ್ನದೇ ಆದ ಅಯಸ್ಕಾಂತವಿಲ್ಲ. ಸುರುಳಿಯಲ್ಲಿ ಹರಿಯುವ ಕರೆಂಟು ಅದರೊಳಗೂ ಕರೆಂಟನ್ನು ಪ್ರೇರಿಸಿ, ಅದರಿಂದ ಹುಟ್ಟುವ ಕಾಂತತ್ವದ ಬಲದಿಂದ ಅದನ್ನು ತಿರುಗಿಸಬೇಕು, ಹಾಗೆ ಮಾಡುವಾಗ ಒಂದು ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಬಿಎಲ್‌ಡಿಸಿ ಮೋಟಾರಿನಲ್ಲಿ ತಿರುಗುವ ಭಾಗದೊಳಗೆ ಶಾಶ್ವತ ಅಯಸ್ಕಾಂತವನ್ನೇ ಕೂರಿಸಿರುತ್ತಾರೆ. ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ಮನೆಯ ಎಸಿ ಕರೆಂಟನ್ನು ಡಿಸಿ ಮಾಡಿ, ಯಾವ ಸುರುಳಿಗೆ ಯಾವ ಕ್ಷಣದಲ್ಲಿ ಕರೆಂಟು ಹೋಗಬೇಕೆಂದು ನಿಯಂತ್ರಿಸುತ್ತದೆ. ನಲವತ್ತು ಡಿಗ್ರಿಯ ಊರಿನಲ್ಲಿ ತಂಪಿಗೆಂದು ಹಾಕಿಸಿದ ಯಂತ್ರವೇ ನೆತ್ತಿಯ ಮೇಲೆ ಕೂತು ಶಾಖ ಕಾರುತ್ತಿತ್ತು, ಅದಕ್ಕೆ ನಾನೇ ಬಿಲ್ಲು ಕಟ್ಟುತ್ತಿದ್ದೆ ಎಂಬುದು ಆ ಹೊತ್ತಿಗೆ ಬಹಳ ಬೇಸರ ತಂದಿತು.

ಇನ್ನು ಹಣದ ಲೆಕ್ಕ. ಒಂದು ಫ್ಯಾನಿಗೆ 2,700 ರೂಪಾಯಿ, ಕೂರಿಸುವ ಕೂಲಿ 150 ರೂಪಾಯಿ, ಹನ್ನೆರಡಕ್ಕೆ ಒಟ್ಟು 34,200 ರೂಪಾಯಿ ಆಯಿತು. ಪ್ರತಿ ಫ್ಯಾನಿಗೆ ಉಳಿತಾಯ 45 ವಾಟ್, ಹನ್ನೆರಡಕ್ಕೆ 540 ವಾಟ್. ದಿನಕ್ಕೆ ಹದಿನಾಲ್ಕು ಗಂಟೆಯಂತೆ ಏಳೂವರೆ ಯೂನಿಟ್‌ಗಿಂತ ತುಸು ಹೆಚ್ಚು. ಚಳಿಗಾಲವನ್ನೂ ರಜೆಯ ದಿನಗಳನ್ನೂ ಕಳೆದು ವರ್ಷಕ್ಕೆ 240 ದಿನ ಹಿಡಿದರೆ 1,814 ಯೂನಿಟ್ ಆಗುತ್ತದೆ. ನನ್ನದು ವಾಣಿಜ್ಯ ಸಂಪರ್ಕವಾದ್ದರಿಂದ ಯೂನಿಟ್‌ಗೆ ಸರಾಸರಿ ಎಂಟು ರೂಪಾಯಿ ಎಂದು ಹಾಕಿಕೊಂಡೆ. ಹೀಗೆ ವರ್ಷಕ್ಕೆ ಸುಮಾರು 14,500 ರೂಪಾಯಿ ಉಳಿದು, ಎರಡೂ ಕಾಲು ವರ್ಷದ ಆಚೀಚೆ ಹಾಕಿದ ಹಣ ಮರಳಬೇಕು. ಇದು ಕಾಗದದ ಮೇಲಿನ ಲೆಕ್ಕ.

ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂ ಕಂಪನಿಯ ಮೀಟರು ಹೇಳಿದ್ದು ಸ್ವಲ್ಪ ಬೇರೆ. 2022ರ ಏಪ್ರಿಲ್‌ನಲ್ಲಿ 742 ಯೂನಿಟ್ ಓಡಿದ್ದ ಮೀಟರು 2023ರ ಏಪ್ರಿಲ್‌ನಲ್ಲಿ 539 ತೋರಿಸಿತು. ಅಂದರೆ ಇಳಿದದ್ದು 203 ಯೂನಿಟ್, ಕಾಗದದ ಪ್ರಕಾರ ಇಳಿಯಬೇಕಿದ್ದದ್ದು 227. ಉಳಿದ 24 ಯೂನಿಟ್ ಎಲ್ಲಿ ಹೋಯಿತೆಂದು ಕೆಲವು ದಿನ ಗಮನಿಸಿದೆ. ಹೊಸ ಫ್ಯಾನುಗಳು ಕರೆಂಟು ತಿನ್ನುವುದಿಲ್ಲ ಎಂಬ ಮಾತು ಮಕ್ಕಳ ಕಿವಿಗೂ ಬಿದ್ದಿತ್ತು, ಖಾಲಿ ಸಾಲುಗಳ ಮೇಲೂ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಮೊದಲು ಬೆಳಗಿನ ತಂಪಿನಲ್ಲಿ ಆರಿಸಿಡುತ್ತಿದ್ದ ನಾನೇ ಈಗ ಅಷ್ಟು ನಿಗಾ ಇಡುತ್ತಿರಲಿಲ್ಲ. ಉಳಿತಾಯದ ಒಂದು ಪಾಲು ಹೀಗೆ ಹೆಚ್ಚಿನ ಬಳಕೆಯಾಗಿ ಸೋರಿಹೋಗುವುದು ಎಲ್ಲ ಕಡೆಯೂ ಇರುವುದೇ. ಅದನ್ನು ಪೂರ್ತಿ ನಷ್ಟವೆಂದು ನಾನು ಎಣಿಸುವುದಿಲ್ಲ, ಧಗೆಯ ಊರಿನಲ್ಲಿ ಒಬ್ಬರಿಗೆ ಹೆಚ್ಚು ಗಾಳಿ ಸಿಕ್ಕಿದ್ದರೆ ಅದೂ ಒಂದು ಲಾಭವೇ. ಆದರೆ ಲೆಕ್ಕ ಬರೆಯುವಾಗ ಮೀಟರಿನ ಅಂಕಿಯನ್ನೇ ನಂಬಬೇಕು. ಆ ಪ್ರಮಾಣದಲ್ಲಿ ಇದುವರೆಗಿನ ಸುಮಾರು ಆರುನೂರು ದಿನಗಳಿಗೆ ಉಳಿದದ್ದು 32,000 ರೂಪಾಯಿಯ ಆಸುಪಾಸು. ನಡುವೆ ಒಂದು ಬೋರ್ಡಿಗೆ ಕೊಟ್ಟ 650 ರೂಪಾಯಿಯನ್ನೂ ಸೇರಿಸಿದರೆ ಹಾಕಿದ ಹಣ ಪೂರ್ತಿ ಬರಲು ಇನ್ನೂ ಒಂದೂವರೆ ತಿಂಗಳ ಬಳಕೆ ಬೇಕು.

ಇಲ್ಲಿ ಕೊಳ್ಳುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜಾಹೀರಾತುಗಳು ಶೇಕಡ ಅರವತ್ತು, ಅರವತ್ತೈದು ಉಳಿತಾಯವೆಂದು ಹೇಳುವುದು 75 ವಾಟಿನ ಹಳೆಯ ಫ್ಯಾನಿಗೆ ಹೋಲಿಸಿ. ಮನೆಯಲ್ಲಿ ಅಂತಹ ಹಳೆಯ ಫ್ಯಾನು ತಿರುಗುತ್ತಿದ್ದರೆ ಆ ಮಾತು ಸರಿಯೇ. ಆದರೆ ಹೊಸ ಮನೆಗೆ ಹೊಸ ಫ್ಯಾನು ಕೊಳ್ಳುವವರ ಲೆಕ್ಕ ಬೇರೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗಳಿಗೆ ಇಂಧನ ದಕ್ಷತಾ ಬ್ಯೂರೋದ ಸ್ಟಾರ್ ಚೀಟಿ ಕಡ್ಡಾಯವಾಗಿದೆ. ಫ್ಯಾನು ಒಂದು ನಿಮಿಷಕ್ಕೆ ತಳ್ಳುವ ಗಾಳಿಯನ್ನು ಅದು ತೆಗೆದುಕೊಳ್ಳುವ ವಾಟಿನಿಂದ ಭಾಗಿಸಿ ಸ್ಟಾರ್ ಕೊಡುತ್ತಾರೆ. ನಾಲ್ಕು ಅಡಿಯ ಸಾಮಾನ್ಯ ಅಳತೆಯ ಫ್ಯಾನಿನಲ್ಲಿ ಆ ಭಾಗಲಬ್ಧ ನಾಲ್ಕಿದ್ದರೆ ಒಂದು ಸ್ಟಾರ್, ಆರು ಮುಟ್ಟಿದರೆ ಐದು ಸ್ಟಾರ್. ನಿಮಿಷಕ್ಕೆ 210 ಘನ ಮೀಟರ್ ಗಾಳಿ ಕೊಡುವ ಫ್ಯಾನು ಒಂದು ಸ್ಟಾರ್ ಪಡೆಯಬೇಕಾದರೂ 52 ವಾಟಿನ ಒಳಗೆ ಇರಬೇಕೆಂದಾಯಿತು. ಹಾಗಿದ್ದ ಮೇಲೆ ಈಗ ಅಂಗಡಿಯಲ್ಲಿ 1,600 ರೂಪಾಯಿಗೆ ಸಿಗುವ ಒಂದು ಸ್ಟಾರ್ ಫ್ಯಾನಿಗೂ ನನ್ನ ಫ್ಯಾನಿಗೂ ಇರುವ ಅಂತರ 45 ವಾಟ್ ಅಲ್ಲ, 20 ವಾಟ್. ಹೆಚ್ಚಿಗೆ ಕೊಟ್ಟ 1,100 ರೂಪಾಯಿ ಮರಳಲು ನನ್ನಷ್ಟು ಬಳಕೆಯಿದ್ದರೂ ಎರಡು ವರ್ಷ ಬೇಕು, ದಿನಕ್ಕೆ ಐದಾರು ಗಂಟೆ ಮಾತ್ರ ಓಡಿಸುವ ಮನೆಯಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅತಿಥಿಗಳ ಕೋಣೆಗೂ ಇದೇ ಫ್ಯಾನು ಬೇಕೆಂದು ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಬಿಲ್ಲಿನಲ್ಲಿ ಕಾಣದ ಲಾಭವೊಂದು ನನ್ನ ಮಟ್ಟಿಗೆ ಬಿಲ್ಲಿಗಿಂತ ದೊಡ್ಡದಾಯಿತು. ನಮ್ಮಲ್ಲಿ 150 ಆಂಪಿಯರ್ ಅವರಿನ ಎರಡು ಬ್ಯಾಟರಿಗಳ ಇನ್ವರ್ಟರ್ ಇದೆ. ಹಳೆಯ ಫ್ಯಾನ್‌ಗಳ ಕಾಲದಲ್ಲಿ ಹದಿನಾರು ಟ್ಯೂಬ್‌ಲೈಟ್ ಸೇರಿ ಭಾರ 1,240 ವಾಟ್ ದಾಟುತ್ತಿತ್ತು, ಬ್ಯಾಟರಿ ಎರಡು ಗಂಟೆಯೊಳಗೆ ಕೈ ಬಿಡುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋದರೆ ಒಂದೂಮುಕ್ಕಾಲಿಗೆ ಪುಸ್ತಕ ಮುಚ್ಚುವ ಸದ್ದು ಸಾಲು ಸಾಲಾಗಿ ಕೇಳಿಸುತ್ತಿತ್ತು. ಹಾಗೆ ಎದ್ದು ಹೋದವರು ಆ ದಿನ ಮತ್ತೆ ಬರುತ್ತಿರಲಿಲ್ಲ. ಮೂರನೆಯ, ನಾಲ್ಕನೆಯ ಬ್ಯಾಟರಿ ಕೊಳ್ಳಬೇಕೆಂದು ವಿಚಾರಿಸಿದ್ದೆ, ಒಂದೊಂದಕ್ಕೆ ಹದಿನಾಲ್ಕು ಸಾವಿರ ಹೇಳಿದ್ದರು, ಇನ್ವರ್ಟರನ್ನೂ ಬದಲಿಸಬೇಕಿತ್ತು. ಫ್ಯಾನ್ ಬದಲಿಸಿದ ಮೇಲೆ ಅದೇ ಭಾರ 704 ವಾಟಿಗೆ ಇಳಿದು, ಅವೇ ಎರಡು ಬ್ಯಾಟರಿಗಳು ಮೂರೂಕಾಲು ಗಂಟೆ ನಡೆಸುತ್ತಿವೆ. ಹೊಸ ಬ್ಯಾಟರಿ ಕೊಳ್ಳುವ ಮಾತೇ ಬರಲಿಲ್ಲ. ಇನ್ವರ್ಟರಿನಲ್ಲಿ ಓಡುವಾಗ ಹಳೆಯ ಫ್ಯಾನುಗಳು ಹೊರಡಿಸುತ್ತಿದ್ದ ಗುಂಯ್ ಎಂಬ ಸದ್ದೂ ಇಲ್ಲವಾಯಿತು. ಸಂಜೆ ವೋಲ್ಟೇಜು ಇಳಿದಾಗ ಹಿಂದೆ ಯಾರಾದರೊಬ್ಬರು ಬಂದು, "ಸರ್, ಗಾಳಿ ಕಡಿಮಿ ಆಗ್ಯಾದ್ರಿ" ಎನ್ನುತ್ತಿದ್ದರು. ಈಗ ವೋಲ್ಟೇಜು ಏರಿಳಿದರೂ ಬೋರ್ಡು ವೇಗವನ್ನು ಒಂದೇ ಸಮನೆ ಕಾಯುವುದರಿಂದ ಆ ದೂರು ಬಂದೇ ಇಲ್ಲ.

ಬ್ಯಾಟರಿ ಕೊಳ್ಳದೆ ಉಳಿದ ಈ ಹಣದ ಬಗ್ಗೆ ಯೋಚಿಸುವಾಗೆಲ್ಲ ನನಗೆ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ನೆನಪಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅಸ್ತ್ರ ಕೇಂದ್ರವನ್ನು ಕಟ್ಟಿದವರು ಅವರು. ಜನರಿಗೆ ಬೇಕಾಗಿರುವುದು ಬೆಳಕು, ಬೇಯಿಸಿದ ಅನ್ನ, ಹೊಲಕ್ಕೆ ನೀರು, ಮೈಗೆ ಗಾಳಿ. ಎಷ್ಟು ಯೂನಿಟ್ ಸುಟ್ಟು ಅದನ್ನು ಕೊಟ್ಟೆವು ಎಂಬುದು ಅಭಿವೃದ್ಧಿಯ ಅಳತೆಯಾಗಬಾರದು ಎಂಬುದು ಅವರ ವಾದದ ತಿರುಳು. ಕರ್ನಾಟಕಕ್ಕೆ 2000ನೇ ಇಸವಿಯ ಹೊತ್ತಿಗೆ ಬೇಕಾಗುವ ವಿದ್ಯುತ್ತಿನ ಬಗ್ಗೆ ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರದ ಸಮಿತಿಯೊಂದು ಹಾಕಿದ ಅಂದಾಜಿಗೆ ಎದುರಾಗಿ, ದಕ್ಷ ಉಪಕರಣಗಳನ್ನು ಬಳಸಿದರೆ ಅದರ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತಿನಲ್ಲಿ ಜನರ ಅಗತ್ಯಗಳನ್ನು ಪೂರೈಸಬಹುದೆಂದು ರೆಡ್ಡಿಯವರೂ ಸಂಗಡಿಗರೂ ಲೆಕ್ಕ ಹಾಕಿ ತೋರಿಸಿದ್ದರು. ಬಂಡವಾಳ ಕಡಿಮೆಯಿರುವ ದೇಶಕ್ಕೇ ದಕ್ಷತೆ ಹೆಚ್ಚು ಬೇಕು ಎಂಬ ಆ ಮಾತು ನನ್ನಂತಹವನಿಗೆ ಅರ್ಥವಾದದ್ದು ಬ್ಯಾಟರಿ ಅಂಗಡಿಯ ದರಪಟ್ಟಿಯನ್ನು ಕೈಯಲ್ಲಿ ಹಿಡಿದಾಗ.

ಅದೇ ಲೆಕ್ಕವನ್ನು ಸ್ವಲ್ಪ ದೊಡ್ಡದು ಮಾಡಿ ನೋಡೋಣ. ಒಂದು ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ ಕಟ್ಟಲು ಇಂದು ಎಂಟು ಕೋಟಿ ರೂಪಾಯಿಗೂ ಹೆಚ್ಚು ಬೇಕು. ಫ್ಯಾನಿಗೆ 45 ವಾಟಿನಂತೆ ಒಂದು ಮೆಗಾವಾಟ್ ಉಳಿಸಲು ಇಪ್ಪತ್ತೆರಡು ಸಾವಿರ ಹಳೆಯ ಫ್ಯಾನ್‌ಗಳನ್ನು ಬದಲಿಸಬೇಕು. ನಾನು ಕೊಟ್ಟ ಚಿಲ್ಲರೆ ದರದಲ್ಲಿಯೇ ಕೊಂಡರೂ ಅದಕ್ಕೆ ಆರು ಕೋಟಿಯೊಳಗೆ ಸಾಕು. ಎಲ್ಲ ಫ್ಯಾನ್‌ಗಳೂ ಏಕಕಾಲಕ್ಕೆ ತಿರುಗುವುದಿಲ್ಲ ಎಂಬುದು ನಿಜ. ಆದರೆ ಸ್ಥಾವರದಿಂದ ಹೊರಟ ನೂರು ಯೂನಿಟ್‌ನಲ್ಲಿ ಹತ್ತಕ್ಕಿಂತ ಹೆಚ್ಚು ಯೂನಿಟ್ ತಂತಿಯಲ್ಲೇ ಕಳೆದುಹೋಗುತ್ತದೆ ಎಂಬುದೂ ನಿಜ, ಮನೆಯಲ್ಲಿ ಉಳಿದ ಯೂನಿಟ್‌ಗೆ ಆ ನಷ್ಟವಿಲ್ಲ. ಮೇಲಾಗಿ ಸ್ಥಾವರಕ್ಕೆ ದಿನವೂ ಕಲ್ಲಿದ್ದಲು ಬೇಕು, ಬದಲಿಸಿದ ಫ್ಯಾನು ಅದನ್ನು ಕೇಳುವುದಿಲ್ಲ. ನಮ್ಮ ನೆರೆಯ ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟಿನ ಸ್ಥಾವರ ಇದೆ, ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಒಂದು ಯೂನಿಟ್‌ಗೆ ಸುಮಾರು ಮುಕ್ಕಾಲು ಕಿಲೋಗ್ರಾಂ ಕಲ್ಲಿದ್ದಲೆಂದು ಹಿಡಿದರೆ ನನ್ನ ಹನ್ನೆರಡು ಫ್ಯಾನುಗಳ ಉಳಿತಾಯ ವರ್ಷಕ್ಕೆ ಒಂದೂಕಾಲು ಟನ್ನಿಗೂ ಹೆಚ್ಚು ಕಲ್ಲಿದ್ದಲಿಗೆ ಸಮ.

ಹೊತ್ತಿನ ಮಾತೂ ಇದೆ. ಕರ್ನಾಟಕದಲ್ಲಿ ಹಗಲು ಹೊತ್ತು ಸೌರ ವಿದ್ಯುತ್ತು ಧಾರಾಳವಾಗಿದೆ, ಪಾವಗಡದ ಸೌರ ಪಾರ್ಕ್ ಒಂದರಲ್ಲೇ ಎರಡು ಸಾವಿರ ಮೆಗಾವಾಟ್ ಮೀರಿದ ಸಾಮರ್ಥ್ಯವಿದೆ. ಕಷ್ಟ ಬರುವುದು ಸೂರ್ಯ ಮುಳುಗಿದ ಮೇಲೆ, ಅಂದರೆ ಮನೆ ಮನೆಯಲ್ಲೂ ಫ್ಯಾನು ತಿರುಗತೊಡಗುವ ಹೊತ್ತಿಗೆ. ಆಗ ವಿದ್ಯುತ್ತನ್ನು ವಿನಿಮಯ ಕೇಂದ್ರದಲ್ಲಿ ಕೊಳ್ಳಲು ಹೋದರೆ ಯೂನಿಟ್‌ಗೆ ಹತ್ತು ರೂಪಾಯಿಯ ಗರಿಷ್ಠ ಮಿತಿಯವರೆಗೂ ಬೆಲೆ ಏರಬಹುದು. ರಾತ್ರಿ ಮಲಗುವ ಕೋಣೆಯಲ್ಲಿ ಉಳಿಯುವ ಒಂದು ಯೂನಿಟ್‌ಗೆ ಮಧ್ಯಾಹ್ನ ಉಳಿಯುವ ಯೂನಿಟ್‌ಗಿಂತ ಹೆಚ್ಚು ಬೆಲೆಯಿದೆ ಎಂಬುದನ್ನು ನಮ್ಮ ಬಿಲ್ಲು ತೋರಿಸುವುದಿಲ್ಲ.

ಈಗ ತೊಂದರೆಗಳ ಬಗ್ಗೆ. ಇಪ್ಪತ್ತೆಂಟು ತಿಂಗಳಲ್ಲಿ ಹನ್ನೆರಡರ ಪೈಕಿ ಎರಡು ಫ್ಯಾನ್‌ಗಳ ಬೋರ್ಡು ಹೋಯಿತು. ಮೊದಲನೆಯದು ಮೇ ತಿಂಗಳ ಗುಡುಗು ಮಳೆಯ ರಾತ್ರಿ. ವಾರಂಟಿ ಇತ್ತು, ದೂರು ದಾಖಲಾಯಿತು, ಆದರೆ ಬೋರ್ಡು ಬರಲು ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನ ಆ ಫ್ಯಾನಿನ ಕೆಳಗಿನ ನಾಲ್ಕು ಮೇಜುಗಳನ್ನು ಗೋಡೆಗೆ ಸರಿಸಿಟ್ಟೆ. ಎರಡನೆಯದು ವಾರಂಟಿ ಮುಗಿದ ಮೂರನೆಯ ವಾರ ಕೈಕೊಟ್ಟಿತು. ಹಳೆಯ ಫ್ಯಾನು ಕೆಟ್ಟರೆ ಹೆಗಲ ಮೇಲೆ ಹಾಕಿಕೊಂಡು ವೈಂಡಿಂಗ್ ಅಂಗಡಿಗೆ ಹೋದರೆ ಸಾಕಿತ್ತು, ಕಂಡೆನ್ಸರ್ ಬದಲಿಸಿ ಅರ್ಧ ಗಂಟೆಯಲ್ಲಿ ಕೈಗೆ ಕೊಡುತ್ತಿದ್ದರು. ಈ ಫ್ಯಾನನ್ನು ಒಯ್ದಾಗ ಮಿಸ್ತ್ರಿ ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ನನ್ ಕೆಲಸ ಏನೂ ಇಲ್ರಿ ಸರ್, ಹೊಸಾದೇ ತರಸ್ರಿ" ಎಂದು ಮರಳಿ ಕೊಟ್ಟರು. ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿ ಸಂಸಾರ ನಡೆಸಿದವರು ಅವರು. ದಕ್ಷತೆಯ ಲಾಭವನ್ನು ಎಣಿಸುವಾಗ ಇಂತಹ ಕಸುಬುದಾರರ ನಷ್ಟವನ್ನು ಯಾರೂ ಬರೆದಿಡುವುದಿಲ್ಲ. ಬೋರ್ಡು ರಿಪೇರಿಯ ತರಬೇತಿಯನ್ನೂ ಬಿಡಿಭಾಗಗಳನ್ನೂ ಊರಿನ ಮಿಸ್ತ್ರಿಗಳಿಗೆ ಕಂಪನಿಗಳು ಕೊಟ್ಟರೆ ನನ್ನ ಹತ್ತೊಂಬತ್ತು ದಿನಗಳೂ ಉಳಿಯುತ್ತಿದ್ದವು, ಅವರ ಅಂಗಡಿಯೂ ಉಳಿಯುತ್ತಿತ್ತು.

ರಿಮೋಟಿನದು ಬೇರೆಯದೇ ಕತೆ. ಮನೆಯ ಒಂದು ಕೋಣೆಗೆ ರಿಮೋಟು ಅನುಕೂಲ. ಹನ್ನೆರಡು ಫ್ಯಾನ್‌ಗಳಿರುವ ಸಭಾಂಗಣದಲ್ಲಿ ಒಬ್ಬರು ತಮ್ಮ ಫ್ಯಾನನ್ನು ನಿಧಾನ ಮಾಡಲು ಗುಂಡಿ ಒತ್ತಿದರೆ ಪಕ್ಕದ ಎರಡೂ ಫ್ಯಾನುಗಳು ನಿಧಾನವಾಗುತ್ತವೆ, ಅಲ್ಲಿ ಕೂತವರು ತಲೆಯೆತ್ತಿ ನೋಡುತ್ತಾರೆ. ಮೊದಲ ವಾರದಲ್ಲೇ ರಿಮೋಟುಗಳನ್ನೆಲ್ಲ ನನ್ನ ಮೇಜಿನ ಡ್ರಾಯರಿನಲ್ಲಿಟ್ಟು, ಫ್ಯಾನ್‌ಗಳನ್ನು ಗೋಡೆಯ ಸ್ವಿಚ್ಚಿನಿಂದಷ್ಟೇ ನಡೆಸತೊಡಗಿದೆ. ಕೂರಿಸುವಾಗಲೂ ಒಂದು ಎಚ್ಚರ ಬೇಕು: ಹಳೆಯ ರೆಗ್ಯುಲೇಟರನ್ನು ದಾರಿಯಿಂದ ಪೂರ್ತಿ ತೆಗೆದು ನೇರ ಸಂಪರ್ಕ ಕೊಡಬೇಕು. ನಮ್ಮಲ್ಲಿ ಒಂದು ಫ್ಯಾನಿಗೆ ಅದು ಉಳಿದುಬಿಟ್ಟಿತ್ತು. ಫ್ಯಾನು ತಡೆತಡೆದು ತಿರುಗುವುದನ್ನು ಕಂಡು ಫ್ಯಾನೇ ಕೆಟ್ಟಿದೆ ಎಂದುಕೊಂಡು ಎರಡು ದಿನ ಕಳೆದೆ. ಗೋಡೆಯ ಮೇಲಿನ ರೆಗ್ಯುಲೇಟರಿನಿಂದಲೇ ವೇಗ ಬದಲಿಸುವ ಬಿಎಲ್‌ಡಿಸಿ ಮಾದರಿಗಳೂ ಈಗ ಬಂದಿವೆ. ಶಾಲೆ, ಹಾಸ್ಟೆಲು, ಖಾನಾವಳಿ ನಡೆಸುವವರು ಅಂತಹದನ್ನೇ ಕೇಳಿ ಕೊಳ್ಳಬೇಕು.

ಮನೆಗೆ ಕೊಳ್ಳುವವರ ವಿಚಾರದಲ್ಲಿ ಲೆಕ್ಕ ಇನ್ನಷ್ಟು ಜಟಿಲ. ಕರ್ನಾಟಕದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಜಾರಿಯಲ್ಲಿದೆ. 2022-23ರ ಸರಾಸರಿ ಬಳಕೆಗೆ ಶೇಕಡ ಹತ್ತು ಸೇರಿಸಿದಷ್ಟು ಯೂನಿಟ್ ಉಚಿತ, ಆದರೆ ಇನ್ನೂರು ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಸೇಡಂನಲ್ಲಿರುವ ನನ್ನ ಅಕ್ಕನ ಮನೆಗೆ ಉಚಿತ ಮಿತಿ 168 ಯೂನಿಟ್. 2024ರ ಏಪ್ರಿಲ್‌ನಲ್ಲಿ ಅವರ ಮೀಟರು 212 ಓಡಿತು, ಸಾವಿರದ ಆರುನೂರರ ಆಸುಪಾಸು ಬಿಲ್ಲು ಬಂತು. ಆ ವರ್ಷದ ದೀಪಾವಳಿಗೆ ಅವರ ಮೂರು ಕೋಣೆಗಳ ಫ್ಯಾನ್‌ಗಳನ್ನು ಬದಲಿಸಿದೆವು. ದಿನಕ್ಕೆ ಹನ್ನೆರಡು ಗಂಟೆ ಓಡುವ ಮೂರು ಫ್ಯಾನ್‌ಗಳಿಂದ ತಿಂಗಳಿಗೆ ನಲವತ್ತೆಂಟು, ನಲವತ್ತೊಂಬತ್ತು ಯೂನಿಟ್ ಇಳಿಯಬೇಕು. 2025ರ ಏಪ್ರಿಲ್‌ನಲ್ಲಿ ಮೀಟರು 163ಕ್ಕೆ ನಿಂತಿತು. ಮೀಟರ್ ರೀಡರ್ ಚೀಟಿ ಕೊಟ್ಟು ಹೋದ ಕೂಡಲೇ ಅಕ್ಕ ಫೋನ್ ಮಾಡಿ, "ತಮ್ಮಾ, ಬಿಲ್ಲು ಸೊನ್ನಿ ಬಂದದ ನೋಡು" ಎಂದಳು. ಇನ್ನೂರರ ಗಡಿಯ ಹತ್ತಿರ ಇರುವ ಮನೆಗಳಿಗೆ ಈ ಫ್ಯಾನಿಗಿಂತ ಒಳ್ಳೆಯ ಹೂಡಿಕೆಯನ್ನು ನಾನು ಕಾಣೆ, ಬೇಸಿಗೆಯ ಒಂದೆರಡು ತಿಂಗಳ ಬಿಲ್ಲಿನಲ್ಲೇ ಒಂದು ಫ್ಯಾನಿನ ಬೆಲೆ ಬಂದುಬಿಡುತ್ತದೆ.

ಅಕ್ಕನ ಪಕ್ಕದ ಮನೆಯ ಪರಿಸ್ಥಿತಿ ಹೀಗಿಲ್ಲ. ಒಂದು ಕೋಣೆ, ಒಂದು ಅಡಿಗೆಮನೆ, ಮದುವೆಯಲ್ಲಿ ಉಡುಗೊರೆ ಬಂದ ಒಂದು ಹಳೆಯ ಫ್ಯಾನು. ತಿಂಗಳಿಗೆ ಅರವತ್ತು ಯೂನಿಟ್ ದಾಟುವುದಿಲ್ಲ, ಬಿಲ್ಲು ಯಾವಾಗಲೂ ಸೊನ್ನೆ. ನಾವು ಫ್ಯಾನು ಕೂರಿಸುತ್ತಿದ್ದಾಗ ಆ ಮನೆಯ ತಾಯಿ ಬಾಗಿಲಲ್ಲಿ ನಿಂತು ನೋಡಿ ಬೆಲೆ ಕೇಳಿದರು. 2,700 ಎಂದಾಗ, "ಯಪ್ಪಾ, ಅಷ್ಟು ರೊಕ್ಕ ಕೊಟ್ಟರ ನನಗೇನು ಉಳೀತದ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಅವರ ಫ್ಯಾನನ್ನು ಬದಲಿಸಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ, ಆದರೆ ಆ ಹದಿನಾರರ ಹಣ ಉಳಿಯುವುದು ಅವರಿಗಲ್ಲ, ಅವರ ಪರವಾಗಿ ಜೆಸ್ಕಾಂಗೆ ಹಣ ತುಂಬುವ ಸರ್ಕಾರಕ್ಕೆ. ಉಳಿತಾಯ ಯಾರಿಗೆ ಸೇರುತ್ತದೋ ಖರ್ಚನ್ನು ಅವರು ಮಾಡಬೇಕು ಎಂಬುದು ಸಂತೆಯ ವ್ಯಾಪಾರಿಗೂ ಗೊತ್ತಿರುವ ನ್ಯಾಯ. ಅಂತಹ ಮನೆಗಳಿಗೆ ಫ್ಯಾನನ್ನು ಉಚಿತವಾಗಿಯೋ, ಹಳೆಯ ಫ್ಯಾನನ್ನು ಪಡೆದು ಅಲ್ಪ ಬೆಲೆಗೋ ಕೊಟ್ಟರೆ ಸಹಾಯಧನದ ಹೊರೆ ತಗ್ಗಿ ಸರ್ಕಾರಕ್ಕೆ ಕೆಲವೇ ವರ್ಷಗಳಲ್ಲಿ ಹಣ ಮರಳುತ್ತದೆ, ಆ ತಾಯಿಗೆ ವೋಲ್ಟೇಜು ಇಳಿದ ರಾತ್ರಿಯಲ್ಲೂ ಗಾಳಿ ಸಿಗುತ್ತದೆ.

ಇದು ಆಗದ ಮಾತೇನಲ್ಲ. ಎಲ್‌ಇಡಿ ಬಲ್ಬಿನಲ್ಲಿ ನಾವು ಇದನ್ನು ಮಾಡಿದ್ದೇವೆ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಗಾಗಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಖರೀದಿಸಿತು. 2014ರಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು, ದೇಶದಲ್ಲಿ ಇದುವರೆಗೆ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾಗಿವೆ. ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಎಂಬ ಹೆಸರಿನಲ್ಲಿ ಬಿಲ್ಲು ಕಟ್ಟುವ ಕೌಂಟರಿನ ಪಕ್ಕದಲ್ಲೇ ಬಲ್ಬು ಕೊಳ್ಳಲು ಸರದಿಯಲ್ಲಿ ನಿಂತದ್ದು ಅನೇಕರಿಗೆ ನೆನಪಿರಬಹುದು. ಆಫ್ರಿಕದ ಘಾನಾ 2007ರಲ್ಲಿ ವಿದ್ಯುತ್ ಕೊರತೆಗೆ ಸಿಲುಕಿದಾಗ ಅರವತ್ತು ಲಕ್ಷ ಸಿಎಫ್‌ಎಲ್‌ಗಳನ್ನು ಹಳೆಯ ಬಲ್ಬಿಗೆ ಬದಲಾಗಿ ಕೊಟ್ಟು, ಸಂಜೆಯ ಗರಿಷ್ಠ ಬೇಡಿಕೆಯಲ್ಲಿ 124 ಮೆಗಾವಾಟ್ ಇಳಿಸಿಕೊಂಡಿತ್ತು. ಒಂದು ಸ್ಥಾವರ ಕಟ್ಟಲು ವರ್ಷಗಳೇ ಬೇಕು, ಬಲ್ಬು ಬದಲಿಸಲು ತಿಂಗಳುಗಳು ಸಾಕಾದವು. ಫ್ಯಾನಿಗೂ ಒಂದು ಕೋಟಿಯ ಗುರಿಯಿಟ್ಟು ಇಇಎಸ್‌ಎಲ್ 2023ರ ನವೆಂಬರ್‌ನಲ್ಲಿ ಯೋಜನೆ ಘೋಷಿಸಿದೆ. ಬಲ್ಬಿನ ಬೆಲೆ ಇಳಿದಂತೆ ಇದರ ಬೆಲೆಯೂ ಇಳಿದು ಸೇಡಂನ ಆ ಬಾಗಿಲಿನವರೆಗೆ ಬರಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ಅಲ್ಲಿಯವರೆಗೆ ಸ್ವಂತ ಹಣ ಕೊಟ್ಟು ಕೊಳ್ಳುವವರಿಗೆ ನನ್ನ ಅನುಭವದ ಸಲಹೆ ಇಷ್ಟು. ಫ್ಯಾನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ತಿರುಗುತ್ತಿದ್ದರೆ, ಇರುವುದು ಹಳೆಯ 75 ವಾಟಿನದ್ದಾಗಿದ್ದರೆ, ಇನ್ವರ್ಟರಿನ ಮೇಲೆ ಬದುಕುವ ಊರಾಗಿದ್ದರೆ ಧೈರ್ಯವಾಗಿ ಕೊಳ್ಳಿ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿರುವ ಶೇಕಡಾವಾರು ಉಳಿತಾಯವನ್ನು ಬಿಟ್ಟು ಸ್ಟಾರ್ ಚೀಟಿಯಲ್ಲಿರುವ ಗಾಳಿಯ ಅಳತೆಯನ್ನೂ ವಾಟನ್ನೂ ಓದಿ, ಗಾಳಿ 210ಕ್ಕಿಂತ ಕಡಿಮೆಯಿದ್ದರೆ ನಮ್ಮ ಭಾಗದ ಬೇಸಿಗೆಗೆ ಸಾಲದು. ವಾರಂಟಿ ಮೂರು ವರ್ಷಕ್ಕಿಂತ ಕಡಿಮೆಯಿದ್ದರೆ ಮುಂದಿನ ಅಂಗಡಿಗೆ ಹೋಗಿ, ಬೋರ್ಡು ನಿಮ್ಮ ಊರಿನಲ್ಲೇ ಸಿಗುತ್ತದೆಯೇ ಎಂದು ಹಣ ಕೊಡುವ ಮುನ್ನವೇ ಕೇಳಿ. ನಮ್ಮ ಪತ್ರಿಕಾ ಕೋಣೆಯಲ್ಲಿ ಇನ್ನೂ ನಾಲ್ಕು ಹಳೆಯ ಫ್ಯಾನುಗಳು ಉಳಿದಿವೆ. ಬರುವ ಯುಗಾದಿಯೊಳಗೆ ಅವನ್ನೂ ಬದಲಿಸುತ್ತೇನೆ, ಈ ಸಲ ರಿಮೋಟು ಇಲ್ಲದ, ಗೋಡೆಯ ರೆಗ್ಯುಲೇಟರಿನಿಂದ ನಡೆಯುವ ಮಾದರಿಗೆ ಮುಂಗಡ ಕೊಟ್ಟು ಬಂದಿದ್ದೇನೆ.